ಹಿತ್ತಾಳೆಯ ಹಕ್ಕಿ

ಗೋವಾದ ಲೋಟ್ಲಿಯ ದೊಡ್ಡ ಮನೆಯ ಪ್ಯಾಕಾರ್ಡ್ ಕಾರಿನ ಮೂತಿಯ ಮೇಲೆ ಕೂತಿರುವ ಹಕ್ಕಿ ಮತ್ತೆ ಅಲುಗಾಡತೊಡಗಿದೆ ಎಂಬ ಗಂಭೀರ ವರ್ತಮಾನವು ಸಾವಿರದ ಒಂಬೈನೂರ ತೊಂಬತ್ತೊಂದನೆಯ ಇಸವಿ ಜನವರಿ ಹದಿನೇಳು, ಗುರುವಾರ, ಬೆಳಿಗ್ಗೆ ಒಂಬತ್ತರ ಸುಮಾರಿಗೆ ಕೊರ್ತಾಲಿಮಿನ ದಾವಲಮಲಿಕ ಮಿಸ್ತ್ರಿಯನ್ನು ಮುಟ್ಟಿತು. ತಂದವನು ಸೈಕಲ್ಲಿನ ಮೇಲೆ ಪಾವುಬ್ರೆಡ್ಡು ಮಾರುವವನು. ಇಳಿಯದೆ, ಒಂದು ಕಾಲು ನೆಲಕ್ಕೆ ಊರಿ, ದೊಡ್ಡ ಮನೆಯ ಒಡತಿ ಎರ್ಮೆಲಿಂದ ಬಾಯಿ ಇವತ್ತೇ ಬರಹೇಳಿದ್ದಾಳೆ, ಶನಿವಾರ ಮದುವೆ, ಹಕ್ಕಿ ತೂಗಾಡುತ್ತಿದೆ ಎಂದು ಕೊಂಕಣಿಯಲ್ಲಿ ಒದರಿ, ಪೋಂ ಪೋಂ ಎಂದು ರಬ್ಬರಿನ ಹಾರ್ನು ಹಿಚುಕುತ್ತ ಹೋದ. ಪಕ್ಕದ ಚಹಾದಂಗಡಿಯ ರೇಡಿಯೋ ಆ ಹೊತ್ತಿಗೆ ಇರಾಕಿನ ಮೇಲೆ ಬಾಂಬು ಬೀಳತೊಡಗಿದ ಸುದ್ದಿ ಹೇಳುತ್ತಿತ್ತು. ಅಂಗಡಿಯ ಮುಂದೆ ನೆರೆದವರಲ್ಲಿ ಅರ್ಧ ಜನಕ್ಕೆ ಕುವೈತಿನಲ್ಲೋ ಬಹರೇನಿನಲ್ಲೋ ಒಬ್ಬ ಮಗ, ಇಲ್ಲವೆ ಒಬ್ಬ ಅಳಿಯ. ಅವರು ಕೈಯಲ್ಲಿಯ ಚಹಾ ಆರಿದ್ದನ್ನೂ ಮರೆತು ನಿಂತಿದ್ದರು. ದಾವಲಮಲಿಕನ ಕಿವಿಗೆ ಯುದ್ಧ ಬೀಳಲಿಲ್ಲ. ಎರಡು ನಟ್ಟು ಬಿಗಿದರೆ ಮುಗಿಯುವ ಕೆಲಸ ಎಂದು ಬೇರೆಯವರಿಗೆ ಅನಿಸಬಹುದು. ಏಳು ವರ್ಷಗಳಲ್ಲಿ ಅವನು ಆ ಎರಡು ನಟ್ಟುಗಳನ್ನು ಹದಿನಾರು ಸಲ ಬಿಗಿದಿದ್ದ.

'ಬಂತಲಾ ಕರಿ,' ಎಂದು ಶೆಡ್ಡಿನ ಮೂಲೆಯಲ್ಲಿ ಹಳೆಯ ಟೈರಿನ ಮೇಲೆ ಕೂತಿದ್ದ ಕರೆಪ್ಪ ಎದ್ದು ಪ್ಯಾಂಟಿನ ಹಿಂಬದಿ ಝಾಡಿಸಿದ. 'ನಾ ಹೇಳಿದ್ದಿಲ್ಲಾ? ಮದಿವಿ ಅಂದ್ರ ಆ ಮುದುಕಿ ಮೊದಲ ನೋಡೂದು ಕಾರಿನ ಮೂಗು. ಮದುಮಗಳ ಮೂಗು ಆಮ್ಯಾಲ.'

ಕರೆಪ್ಪ ಸೋಮವಾರದಿಂದಲೂ ದಿನಾ ಬೆಳಿಗ್ಗೆ ಬಾಯ್ನಾದಿಂದ ಬಸ್ಸಿನಲ್ಲಿ ಬಂದು ಆ ಟೈರಿನ ಮೇಲೆ ಕೂರುತ್ತಿದ್ದ. ಮೈಮೇಲೆ ಬಿಳಿಯ ಯೂನಿಫಾರ್ಮು. ಹದಿನಾಲ್ಕು ವರ್ಷ ದೊಡ್ಡ ಮನೆಯ ಕಾರು ಓಡಿಸುವಾಗ ಹಾಕುತ್ತಿದ್ದದ್ದೇ ಅದು; ಕೆಲಸ ಬಿಡಿಸಿದಾಗ ಬಾಯಿ ವಾಪಸು ಕೇಳಿರಲಿಲ್ಲ. ಈಗ ಹೊಟ್ಟೆಯ ಹತ್ತಿರದ ಗುಂಡಿ ಕೂಡುತ್ತಿರಲಿಲ್ಲವಾದ್ದರಿಂದ ಹೆಂಡತಿ ನೀಲವ್ವ ಅಲ್ಲೊಂದು ಪಿನ್ನು ಚುಚ್ಚಿಕೊಟ್ಟಿದ್ದಳು. ಬಂದರಿನಲ್ಲಿ ಚೀಲ ಹೊತ್ತು ಏಳು ವರ್ಷ ಕಳೆದವನಿಗೆ ಹೊಟ್ಟೆ ಹೇಗೆ ಬಂತೋ, ಭುಜಗಳಂತೂ ಅಂಗಿಯೊಳಗಿಂದ ಹರಿದುಕೊಂಡು ಹೊರಗೆ ಬರುವ ಹಾಗಿದ್ದವು. ದಾವಲಮಲಿಕ ನಾಲ್ಕು ದಿನದಿಂದ ಆ ಪಿನ್ನಿನ ಕಡೆಗೆ ನೋಡದಂತೆ ಕೆಲಸ ಮಾಡುವುದನ್ನು ರೂಢಿಸಿಕೊಂಡಿದ್ದ. ಹಿಂದಿನ ರವಿವಾರ ನೀಲವ್ವ ಸಜ್ಜಿರೊಟ್ಟಿ, ಶೇಂಗಾಹಿಂಡಿ ಕಟ್ಟಿಕೊಂಡು ಅವನ ಮನೆಗೆ ಬಂದಿದ್ದಳು. ಅವನ ಹೆಂಡತಿ ಜೈನಬಳ ಕೈಗೆ ಗಂಟು ಕೊಟ್ಟು, ಹೊಸ್ತಿಲಲ್ಲೇ ಕೂತು ಹೇಳಿದ್ದಳು: 'ತಮ್ಮಾ, ವಾಸ್ಕೋದಾಗ ಒಂದ ಕಂಪನಿ ಬಸ್ಸಿಗೆ ಡ್ರೈವರ್ ಬೇಕಾಗ್ಯಾನಂತ. ಬರೂ ಸ್ವಾಮಾರ ಕರದಾರ. ಮೊದಲ ದುಡದ ಮನಿಯಿಂದ ಚೀಟಿ ತಾ ಅಂತಾರ. ನಿನ್ನ ಮಾತು ಆ ಬಾಯಿ ತಗದ ಹಾಕಂಗಿಲ್ಲ. ಎರಡ ಸಾಲು ಬರಸಿಕೊಡು. ಕಳ್ಳ ಅಲ್ಲ ಅಂತ. ನಿನಗ ಗೊತ್ತೈತಿ ಆತ ಕಳ್ಳ ಅಲ್ಲ.' 'ಗೊತ್ತೈತಿ ವೈನಿ,' ಎಂದಿದ್ದ ಅವನು. ಈ ವಿಷಯದಲ್ಲಿ ಏಳು ವರ್ಷದಲ್ಲಿ ಅವನ ಬಾಯಿಂದ ಬಂದ ಒಂದೇ ಖರೆ ಮಾತು ಅದು. ಅದೂ ಉಪಚಾರದ ಮಾತಿನ ಹಾಗೆ ಕೇಳಿಸಿತು. ಶೇಂಗಾಹಿಂಡಿ ಭಾಳ ಚಲೋ ಇತ್ತು ಎಂದು ಜೈನಬ ಆಮೇಲೆ ಹೇಳಿದಳು. ಅವನು ಅದನ್ನು ಮುಟ್ಟಿರಲಿಲ್ಲ.

ಸಾಮಾನಿನ ಚೀಲದಲ್ಲಿ ನಟ್ಟು ಬಿಗಿಯುವ ಪಾನೆ, ಅರ, ಕಬ್ಬಿಣದ ಒಂದು ಪಟ್ಟಿ ತುಂಬಿಕೊಂಡ. ಕರೆಪ್ಪ ಮುಖ ತೊಳೆಯಲು ನಳದ ಕಡೆಗೆ ಹೋದಾಗ, ಮೊಳೆಯ ಡಬ್ಬಿಗಳ ಹಿಂದಿನಿಂದ ಬಿಸ್ಕೀಟಿನ ಹಳೆಯ ಡಬ್ಬಿಯೊಂದನ್ನು ಎಳೆದು, ಅದರೊಳಗಿದ್ದ ಮುಷ್ಟಿಗಾತ್ರದ ಬೂದು ಗಡ್ಡೆಯನ್ನು ಪೇಪರಿನಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿದ. ಯಾಕೆ ಹಾಕಿದೆ ಎಂದು ತನ್ನನ್ನೇ ಕೇಳಿಕೊಳ್ಳಲಿಲ್ಲ. ಹದಿನಾರು ಸಲವೂ ಹಾಗೆಯೇ ಹಾಕಿಕೊಂಡು ಹೋಗಿದ್ದ, ಹಾಗೆಯೇ ತಂದು ಮತ್ತೆ ಡಬ್ಬಿಯಲ್ಲಿ ಇಟ್ಟಿದ್ದ. ಅದಿರಿನ ಗಣಿ ಹೊಸದಾಗಿ ತೆರೆದ ಕಾಲದಲ್ಲಿ, ಪೋರ್ತುಗೀಸರಿರುವಾಗಲೇ, ಹಡಗೇರಿ ಬಂದ ಅಮೇರಿಕದ ಭಾರೀ ಕಾರುಗಳಲ್ಲಿ ಈ ಕಡೆ ಉಳಿದವು ಹತ್ತೋ ಹನ್ನೆರಡೋ. ಬಹಳಷ್ಟರ ಹೊಟ್ಟೆ ಬಗೆದು ಅಂಬಾಸಡರಿನ ಎಂಜಿನ್ ಕೂರಿಸಿ ಆಗಿತ್ತು. ದಾವಲಮಲಿಕನ ಹೆಸರು ನಡೆದದ್ದು ಅವನು ಹಾಗೆ ಮಾಡುವುದಿಲ್ಲ ಎಂಬುದಕ್ಕೆ. ಲಾರಿಯ ಬ್ರೇಕಿನ ರಬ್ಬರನ್ನು ಬ್ಲೇಡಿನಿಂದ ಸವರಿ ಕೂರಿಸುತ್ತಿದ್ದ, ತಾಮ್ರದ ತಗಡು ಕತ್ತರಿಸಿ ಗ್ಯಾಸ್ಕೆಟ್ಟು ಮಾಡುತ್ತಿದ್ದ. ಆದರೆ ಕೂರಿಸಿದ್ದು ಯಾವುದು, ತೆಗೆದದ್ದು ಯಾವುದು ಎಂದು ಮಾಲೀಕನಿಗೆ ತೋರಿಸುತ್ತಿದ್ದ. ತೆಗೆದ ಹಳೆಯ ಸಾಮಾನನ್ನು, ಅದು ಸವೆದ ವಾಷರೇ ಇರಲಿ, ಪೇಪರಿನಲ್ಲಿ ಸುತ್ತಿ ಕೈಗೆ ಕೊಡುತ್ತಿದ್ದ. ಇದು ಅವನಿಗೆ ಕೆಲಸ ಕಲಿಸಿದ ಗದಗಿನ ಉಸ್ತಾದನ ರಿವಾಜು: ಹಳೇದು ಕೊಟ್ಟರೆ ಹೊಸದರ ಮೇಲೆ ಯಾರೂ ಬಾಯಿ ಬಿಡುವುದಿಲ್ಲ. ದೊಡ್ಡ ಮನೆಗೆ ಅಂಥ ಪೊಟ್ಟಣಗಳನ್ನು ಹದಿನಾಲ್ಕು ವರ್ಷ ಒಯ್ದುಕೊಟ್ಟವನು ಕರೆಪ್ಪನೇ. ಬಾಯಿ ಅವುಗಳಿಗೆಂದು ಒಂದು ಖಾನೆಯನ್ನೇ ಮಾಡಿದ್ದಳಂತೆ, ಸತ್ತ ಗಂಡನ ಕನ್ನಡಕ, ಪದಕಗಳ ಕೆಳಗೆ.

ಒಂದು ಪೊಟ್ಟಣ ಮಾತ್ರ ಹೋಗಿರಲಿಲ್ಲ.

ಬಸ್ಸಿನಲ್ಲಿ ಕರೆಪ್ಪ ಕಿಟಕಿಯ ಹತ್ತಿರ ಕೂತ, ಯೂನಿಫಾರ್ಮಿಗೆ ಯಾರ ಎಣ್ಣೆತಲೆಯೂ ತಾಗಬಾರದೆಂದು. ಎದುರಿನ ಸೀಟಿನಲ್ಲಿ ತರಕಾರಿ ಬುಟ್ಟಿ ಇಟ್ಟುಕೊಂಡಿದ್ದ ಬೆಳಗಾವಿ ಕಡೆಯ ಮುದುಕಿ, ಹೆಸರು ಕೇಳಿದರೆ ಮುರುಗೆವ್ವ ಎಂದವಳು, 'ಯಾವ ಸಾಹೇಬರ ಗಾಡಿ ಹೊಡೀತೀಯೋ ಯಪ್ಪಾ, ಬಸ್ಸಿನ್ಯಾಗ ಹೊಂಟೀ?' ಎಂದು ಕೇಳಿದಳು. ಕರೆಪ್ಪ ನಕ್ಕ. 'ಗಾಡಿ ಮುಂದ ಹೋಗೇತಿ ಆಯಿ, ನಾ ಹಿಂದ ಉಳದೇನಿ. ಈಗ ಹಿಡೀಲಿಕ್ಕೆ ಹೊಂಟೇನಿ. ಈತನ್ನ ನೋಡು. ಗಾಡೀ ನಾಡಿ ಹಿಡದು ಜಡ್ಡು ಹೇಳಾಂವ. ಗೋವಾದಾಗ ಸುಳ್ಳು ಹೇಳದ ಮಿಸ್ತ್ರಿ ಇವನೊಬ್ಬನ.' ಮುದುಕಿ ದಾವಲಮಲಿಕನನ್ನು ಮೇಲಿಂದ ಕೆಳಗೆ ನೋಡಿ, 'ಸುಳ್ಳು ಹೇಳಲಾರದ ಮಿಸ್ತ್ರಿ ಉಂಡಾನೇನು ಹೊಟ್ಟಿತುಂಬ?' ಎಂದಳು. ಸುತ್ತ ಕೂತವರು ನಕ್ಕರು. ದಾವಲಮಲಿಕನೂ ನಕ್ಕ, ನಗುವಾಗ ಚೀಲವನ್ನು ತೊಡೆಯ ಮೇಲಿಂದ ಕೆಳಗಿಳಿಸಿ ಕಾಲುಗಳ ನಡುವೆ ಇಟ್ಟುಕೊಂಡ. ಹೊಲದ ಬದುವಿನ ಮೇಲೆ ಒಂದು ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತ ನಿಂತಿತ್ತು. ಕಾರಿನ ಮೇಲೆ ಮೊದಲಿದ್ದ ಹಕ್ಕಿ ಹಂಸವೆಂದು ಬಾಯಿಯ ವಾದ, ಅಲ್ಲ ನೀರುಕಾಗೆಯೇ ಎಂದು ಕರೆಪ್ಪನದು. ಹದಿನಾಲ್ಕು ವರ್ಷ ಸ್ಟೇರಿಂಗಿನ ಹಿಂದೆ ಕೂತು ಅದರ ಬೆನ್ನು, ಎತ್ತಿದ ರೆಕ್ಕೆ, ಸಣ್ಣ ಕುತ್ತಿಗೆ ನೋಡಿದವನು ಅವನು, ಅದರ ಮುಖ ಅವನಿಗೆ ಅಷ್ಟು ಪರಿಚಯವಿರಲಿಲ್ಲ. ಸೂಕ್ಷ್ಮವಾದ ಹಕ್ಕಿ. ಕೈಯಲ್ಲಿ ಹಿಡಿದರೆ ಅಷ್ಟು ಭಾರೀ ಕಾರಿನದೆಂದು ಅನಿಸುತ್ತಿರಲಿಲ್ಲ, ಹಗುರ. ಆ ಹಗುರವೇ ದಾವಲಮಲಿಕನಿಗೆ ಹೇಳಬೇಕಾಗಿತ್ತು. ಏಳು ವರ್ಷದ ಹಿಂದೆ ಅವನು ಬಾನೆಟ್ಟಿನ ಒಳಗಿನಿಂದ ಎರಡು ನಟ್ಟು ಬಿಚ್ಚಿ ತೆಗೆದಾಗ ಅಡಿಯ ಬೋಲ್ಟಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಯಾರೂ ಅದನ್ನು ಸರಿಮಾಡು ಎಂದಿರಲಿಲ್ಲ. ಕಾರು ಬಂದದ್ದು ರೇಡಿಯೇಟರಿನ ಸೋರಿಕೆಗೆ. ಬಾಯಿಗೆ ಗೊತ್ತಾಗುವ ಮೊದಲೇ ಗೊತ್ತಾಗದ ಹಾಗೆ ಬೆಸೆದುಕೊಟ್ಟು, ಆಮೇಲೆಂದಾದರೂ ಮಾತಿಗೆ ಮಾತು ಬಂದಾಗ ಹೇಳಬೇಕೆಂಬ ಆಸೆ. ಕರೆಪ್ಪ ಮೀನು ತರಲು ಧಕ್ಕೆಯ ಕಡೆಗೆ ಹೋಗಿದ್ದ. ಅರದಿಂದ ಅಡಿಯಲ್ಲಿ ಒಂದು ಗೆರೆ ಎಳೆದು ನೋಡುವುದು ಎಂಟು ವರ್ಷದ ಹುಡುಗನಿಗೂ ಗೊತ್ತಿರುವ ಸಂಗತಿ: ಹಳದಿ ಕಂಡರೆ ಹಿತ್ತಾಳೆ, ಬೆಂಕಿ ತಡೆಯುತ್ತದೆ, ಬೂದು ಕಂಡರೆ ಸತು, ತಡೆಯುವುದಿಲ್ಲ. ಅಷ್ಟು ದೊಡ್ಡ ಕಾರಿನವರು ಮೂಗಿನ ಮೇಲೆ ಸತು ಇಟ್ಟಾರೆಯೇ ಎಂದುಕೊಂಡ. ಗ್ಯಾಸು ಹಚ್ಚಿ ಜ್ವಾಲೆ ತಾಗಿಸಿದ. ಹಕ್ಕಿ ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ರೆಕ್ಕೆ ಇಳಿಸಿತು, ಕುತ್ತಿಗೆ ಬಾಗಿಸಿತು, ಬಾಣಲೆಯಲ್ಲಿ ಬೆಲ್ಲ ಕೂತ ಹಾಗೆ ಕೂತುಬಿಟ್ಟಿತು. ಮೀನು ತಂದ ಕರೆಪ್ಪನಿಗೆ, ಹಕ್ಕಿ ಪಾಲಿಶಿಗಿದೆ ಎಂದು ಹೇಳಿ, ಬರಿಯ ಕಾರು ಕೊಟ್ಟು ಕಳಿಸಿದ್ದ.

'ಏನ್ ವಿಚಾರ ಮಾಡಾಕತ್ತೀ?' ಎಂದು ಕರೆಪ್ಪ ಮೊಳಕೈಯಿಂದ ತಿವಿದ. 'ಪಟ್ಟಿ ಹಾಕಿದ್ರ ನಿಲ್ಲತೈತಿ,' ಎಂದ ದಾವಲಮಲಿಕ. 'ಯಾವುದು?' 'ಹಕ್ಕಿ.' 'ಅದರ ಮನಿ ಹಾಳಾಗ್ಲಿ. ನೀ ಚೀಟಿ ಮಾತು ಮರೀಬ್ಯಾಡ.' ದನಿ ಇಳಿಸಿ ಹೇಳಿದ: 'ನಿನಗೊಂದ ಮಾತು ಹೇಳಲೇನು ಮಲಿಕ್ಯಾ? ನನ್ನ ಬಿಡಿಸಿದಾಗ ಬಾಯಿ ಏನಂದ್ಲು ಗೊತ್ತೈತೇನು? ಹಕ್ಕಿ ಹಚ್ಚಿ ಕಳಿಸೇನಿ ಅಂತ ಮಿಸ್ತ್ರಿನ ಹೇಳ್ಯಾನ ಅಂದ್ಲು. ಆ ಲುಸಿಯಾನ್ ಬಂದು ಕೇಳಿದ್ದಕ್ಕ ನೀ ಹಂಗಂದೀ ಅಂತ. ನನಗ ನಗು ಬಂತು. ಆ ಹುಡುಗ ನಿನ್ನ ಶೆಡ್ಡಿಗೆ ಬಂದು ಹಕ್ಕಿ ತಾನ ಒಯ್ದು ಯಾವ ಗುಜರ್ಯಾಗೋ ಮಾರಿ ಕುಡದಾನ, ನಿನ್ನ ಹೆಸರು ಹಚ್ಯಾನ. ಓಡಿಬಂದು ನಿನ್ನ ಕೇಳಬೇಕಂದೆ. ಆಮ್ಯಾಲ ಬ್ಯಾಡ ಅನ್ನಿಸ್ತು. ನೀ ಹಂಗಂದೀ ಏನು ಅಂತ ಕೇಳೂದ ನಿನಗ ಅಪಮಾನ.' ಕಂಡಕ್ಟರ್ ಶಿಳ್ಳೆ ಹೊಡೆದ. ಬಸ್ಸು ಹಳ್ಳಕ್ಕಿಳಿದು ಎದ್ದಿತು. ಲುಸಿಯಾನ್ ಬಂದದ್ದು ಮಾತ್ರ ನಿಜ. ಬಾಯಿಯ ತಮ್ಮನ ಮಗ, ಆಗ ಇಪ್ಪತ್ತೆರಡರ ಹುಡುಗ, ಬೈಕಿನಿಂದ ಇಳಿಯದೆ ಚಹಾದಂಗಡಿಯ ಜನರೆಲ್ಲ ಕೇಳುವ ಹಾಗೆ, 'ಏ ಘಾಂಟಿ, ಹಕ್ಕಿ ಎಲ್ಲಿ? ಘಾಂಟಿ ಘಾಂಟಿ ಕೂಡಿ ನುಂಗಿದ್ರೋ?' ಎಂದಿದ್ದ. ಘಟ್ಟದ ಮೇಲಿನಿಂದ ಬಂದವರಿಗೆಲ್ಲ ಇಲ್ಲಿ ಅದೇ ಹೆಸರು. ದಿನಕ್ಕೆ ನಾಲ್ಕು ಸಲ ಕೇಳುವ ಮಾತು, ಮೈಗೆ ತಾಗದಷ್ಟು ಸವೆದಿತ್ತು. ಅವತ್ತು ತಾಗಿತು. ಡಬ್ಬಿಯಲ್ಲಿ ಗಡ್ಡೆ ಇನ್ನೂ ಬೆಚ್ಚಗಿತ್ತೋ ಏನೋ. 'ಹಚ್ಚಿ ಕಳಿಸಿದೆನಲ್ಲ ಪಾತ್ರಾಂವ್,' ಎಂದು ಧಣಿಯನ್ನು ಕರೆದಂತೆ ಕರೆದು ಹೇಳಿಬಿಟ್ಟ. ನಾಳೆ ಹೋಗಿ ಬಾಯಿಗೆ ಇದ್ದದ್ದು ಇದ್ದಂತೆ ಹೇಳಿದರಾಯಿತು, ಇವನ ಮುಂದೆ ಬೇಡ ಎಂದುಕೊಂಡಿದ್ದ. ಮರುದಿನ ಹೊತ್ತು ಏರುವುದರೊಳಗೆ ಕರೆಪ್ಪನ ಕೆಲಸ ಹೋಗಿತ್ತು.

ದೊಡ್ಡ ಮನೆಯ ಗೇಟಿನಲ್ಲಿ ಕರೆಪ್ಪ ನಿಂತುಕೊಂಡ. 'ನಾ ಇಲ್ಲೇ ಇರತೇನಿ. ಕರದ್ರ ಬರತೇನಿ.' ಅಂಗಿಯ ಪಿನ್ನು ಮುಟ್ಟಿ ನೋಡಿಕೊಂಡ. ದಾವಲಮಲಿಕ ಮುಂಬಾಗಿಲ ಮೆಟ್ಟಿಲುಗಳನ್ನು ಬಳಸಿ, ಬಾವಿಯ ಪಕ್ಕದಿಂದ, ಹಿಂದೆ ಗಾಡಿ ಕುದುರೆಗಳಿದ್ದ ಲಾಯಕ್ಕೆ ಹೋದ. ಪ್ಯಾಕಾರ್ಡು ಅಲ್ಲಿ ಕತ್ತಲಲ್ಲಿ ನಿಂತಿತ್ತು, ಕಪ್ಪಗೆ, ಉದ್ದಕ್ಕೆ, ಬಾಗಿಲಿಗೆ ಮುಖಮಾಡಿ. ಎಂಟು ಸಿಲಿಂಡರು ಒಂದೇ ಸಾಲಿನಲ್ಲಿ ಕೂತ ಅದರ ಎಂಜಿನ್ನು ಚಾಲೂ ಆದರೆ ಬಾನೆಟ್ಟಿನ ಮೇಲೆ ನಿಲ್ಲಿಸಿದ ನಾಣ್ಯ ಬೀಳುವುದಿಲ್ಲ ಎಂದು ಅವನು ಹೇಳಿಕೊಳ್ಳುತ್ತಿದ್ದ, ಅದು ನಿಜವೂ ಆಗಿತ್ತು. ನಾಣ್ಯ ಬೀಳದ ಕಾರಿನ ಮೇಲೆ ಹಕ್ಕಿ ಮಾತ್ರ ತೂಗುತ್ತಿತ್ತು. ಕರಗಿದ್ದರ ಬದಲಿಗೆ, ಮಡಗಾಂವಿನಲ್ಲಿ ದೇವರ ಸಮೆದೀಪ, ಗಂಟೆ ಎರಕ ಹೊಯ್ಯುವ ದೇವಲಪ್ಪನಿಗೆ ಸಿಗರೇಟು ಪ್ಯಾಕಿನ ಮೇಲೆ ಚಿತ್ರ ಬರೆದು ಕೊಟ್ಟು ಹತ್ತು ದಿನದಲ್ಲಿ ಮಾಡಿಸಿದ ಹಿತ್ತಾಳೆಯ ಹಕ್ಕಿ. ದೇವಲಪ್ಪ ಚಿತ್ರ ನೋಡಿ ಹೂಂ ಅಂದಿದ್ದ, ಆದರೆ ಅವನ ಕೈಗೆ ಗೊತ್ತಿದ್ದದ್ದು ಒಂದೇ ಹಕ್ಕಿ, ಸಮೆಯ ತುದಿಗೆ ಕೂರುವ ಹಂಸ. ಹೀಗಾಗಿ ಅಮೇರಿಕದ ಕಾರಿನ ಮೂತಿಯ ಮೇಲೆ ನೆತ್ತಿಗೆ ಕಿರೀಟ, ಕೊರಳಿಗೆ ಸರ ಇದ್ದ, ಎಣ್ಣೆ ಬತ್ತಿಗಾಗಿ ಕಾದಂತೆ ಕಾಣುವ ಹಕ್ಕಿ ಬಂದು ಕೂತಿತು. ಕ್ರೋಮು ಹಾಕಿಸಿದ್ದರಿಂದ ಭಕ್ತಿ ಸ್ವಲ್ಪ ಮರೆಯಾಗಿತ್ತು. ಭಾರ ಮರೆಯಾಗಿರಲಿಲ್ಲ. ಎರಡು ಸೇರು ಮೇಲೆ ತೂಗುವ ಹಿತ್ತಾಳೆ ಪ್ರತಿ ಹಳ್ಳದಲ್ಲೂ ಬಾನೆಟ್ಟಿನ ತಗಡನ್ನು ಹಿಡಿದು ಜಗ್ಗುತ್ತಿತ್ತು, ಐದಾರು ತಿಂಗಳಿಗೊಮ್ಮೆ ಅವನನ್ನು ಕರೆಸುತ್ತಿತ್ತು. ಬಾಯಿ ಮೊದಲ ದಿನ ಅದನ್ನು ನೋಡಿ ಕಣ್ಣೊರೆಸಿಕೊಂಡು, ಮೊದಲಿನದಕ್ಕಿಂತ ಚೆಂದ ಎಂದಿದ್ದಳು. ಹೇಳಬೇಕೆಂದು ಬಾಯಿ ತೆರೆದವನ ಕೈಗೆ ಅಂಗಿಯ ಬಟ್ಟೆ ಇಟ್ಟಿದ್ದಳು.

ಎರ್ಮೆಲಿಂದ ಬಾಯಿ ಕೋಲೂರಿಕೊಂಡು ಬಂದಳು, ಜೊತೆಗೆ ಗಂಡಿನ ಕಡೆಯ ಒಬ್ಬ ದಪ್ಪ ಹೆಂಗಸು, ಹಿಂದೆ ಲುಸಿಯಾನ್. ಎಪ್ಪತ್ತೈದು ದಾಟಿದ ಬಾಯಿ ಕೋಲಿನಿಂದ ಹಕ್ಕಿಯನ್ನೂ ದಾವಲಮಲಿಕನನ್ನೂ ಸರದಿಯ ಮೇಲೆ ತೋರಿಸುತ್ತ ಬೀಗಿತ್ತಿಗೆ ಪೋರ್ತುಗೀಸಿನಲ್ಲಿ ಕಥೆ ಹೇಳತೊಡಗಿದಳು. ಅವನಿಗೆ ಆ ಭಾಷೆ ಬಾರದು, ಕಥೆ ಬರುತ್ತಿತ್ತು. ಏಳು ವರ್ಷದಿಂದ ಪಾದ್ರಿಗೆ, ಡಾಕ್ಟರಿಗೆ, ಲಿಸ್ಬನ್ನಿನಿಂದ ಬಂದ ನೆಂಟರಿಗೆ ಹೇಳುವುದನ್ನು ಇದೇ ಲಾಯದಲ್ಲಿ ನಿಂತು ಕೇಳಿದ್ದ. ಇಲ್ಲಿ ದನಿ ಇಳಿದರೆ ಗಂಡ ಸತ್ತದ್ದು. ಇಲ್ಲಿ ಕೋಲು ನೆಲಕ್ಕೆ ಕುಟ್ಟಿದರೆ ಡ್ರೈವರ್ ಕದ್ದದ್ದು. ಈಗ ಬೀಗಿತ್ತಿ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ, ಇಟ್ಟುಕೊಂಡಳು. ಈಗ ಕೋಲು ತನ್ನ ಕಡೆ ತಿರುಗುತ್ತದೆ, ಕದ್ದದ್ದರ ಬದಲು ತಾನೇ ಮಾಡಿಸಿ ತಂದ, ಘಾಂಟಿಗಳಲ್ಲೂ ಇಂಥವನೊಬ್ಬನಿದ್ದಾನೆ ನೋಡು ಎಂಬ ಜಾಗ. ಇಲ್ಲಿ ತಾನು ತಲೆ ತಗ್ಗಿಸಬೇಕು. ತಗ್ಗಿಸಿದ. ನಾಚಿಕೆಯಿಂದ ತಗ್ಗಿದ ತಲೆಯನ್ನು ಅವರು ವಿನಯವೆಂದು ಓದಿಕೊಂಡರು, ಎಂದಿನಂತೆ. ಬೀಗಿತ್ತಿ ಕೊಂಕಣಿಯಲ್ಲಿ, 'ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ,' ಎಂದಳು.

'ಬಾಯಿ,' ಎಂದ ಅವನು. 'ಒಂದು ಮಾತಿತ್ತು. ಕರೆಪ್ಪನದು.'

ಹೇಳಿದ. ಕಂಪನಿಯ ಬಸ್ಸು, ಸೋಮವಾರ, ಚೀಟಿ. ಹದಿನಾಲ್ಕು ವರ್ಷ ಒಂದು ಗೀರೂ ಇಲ್ಲದೆ ಗಾಡಿ ನಡೆಸಿದ್ದು. ಇನ್ನೊಂದು ವಾಕ್ಯ ಬಾಕಿ ಇತ್ತು. ಅದು ಚೀಲದ ತಳದಲ್ಲಿತ್ತು. ಲುಸಿಯಾನ್ ನಗುತ್ತ, 'ಕಳ್ಳನಿಗೆ ಸರ್ಟಿಫಿಕೇಟು ಕೇಳೋಕೆ ಸಾಧು ಬಂದ,' ಎಂದ. ಬಾಯಿ ಮಾತ್ರ ಬೀಗಿತ್ತಿಯನ್ನು ಒಮ್ಮೆ, ಅವನನ್ನು ಒಮ್ಮೆ ನೋಡಿದಳು. ಮನೆಯಲ್ಲಿ ಮದುವೆ, ಕೇಳುತ್ತಿರುವವನು ಈ ಮಿಸ್ತ್ರಿ, ಕೇಳಿಸಿಕೊಳ್ಳುವುದಕ್ಕೆ ಸಾಕ್ಷಿಯೂ ಇದೆ. ಇಷ್ಟೆಲ್ಲ ಕೂಡಿ ಬಂದಾಗ ಒಬ್ಬರನ್ನು ಕ್ಷಮಿಸದಿರುವುದು ಕಷ್ಟ. 'ಎಲ್ಲಿದ್ದಾನೆ? ಗೇಟಿನಲ್ಲಿ? ಕರೆ ಅವನನ್ನು,' ಎಂದು ಹೇಳಿ, ಒಳಗಿನಿಂದ ಕಾಗದ ಪೆನ್ನು ತರಿಸಿದಳು.

ಕರೆಪ್ಪ ಬಂದು ಕೈ ಮುಗಿದ. ಮೊದಲು ಕಾರನ್ನು ನೋಡಿದ. ಅದರ ಟೈರು, ಗಾಜು, ಬಾಗಿಲು, ಊರಿನಿಂದ ಬಂದ ಮಗುವನ್ನು ನೋಡಿದ ಹಾಗೆ. ಬಾಯಿ ಕಾರಿನ ಮಡ್‌ಗಾರ್ಡಿನ ಮೇಲೆ ಕಾಗದವಿಟ್ಟು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದಳು. 'ಓದಿ ಹೇಳು,' ಎಂದು ಲುಸಿಯಾನನ ಕೈಗೆ ಕೊಟ್ಟಳು. ಅವನು ಕೊಂಕಣಿಗೆ ತಿರುಗಿಸುತ್ತ ಓದಿದ: ಕರೆಪ್ಪ ಎಂಬವನು ಹದಿನಾಲ್ಕು ವರ್ಷ ನಮ್ಮಲ್ಲಿ ಡ್ರೈವರನಾಗಿದ್ದ. ಒಳ್ಳೆಯ ಡ್ರೈವರ್. ಒಮ್ಮೆ ಮಾಡಿದ ಕಳ್ಳತನವನ್ನು ನಾನು ಮನಸ್ಸಾರೆ ಕ್ಷಮಿಸಿದ್ದೇನೆ. ಮತ್ತೆ ಮಾಡಲಾರನೆಂದು ನಂಬಿದ್ದೇನೆ.

ಲಾಯದ ಮಾಡಿನಲ್ಲಿ ಪಾರಿವಾಳಗಳು ಗುಟುರು ಹಾಕುತ್ತಿದ್ದವು. 'ಹಂಗ ಬರೀಬ್ಯಾಡ್ರಿ ಬಾಯಿ,' ಎಂದ ಕರೆಪ್ಪ; ಕೊಂಕಣಿಯಲ್ಲಿ ಶುರುಮಾಡಿದವನು ಕನ್ನಡಕ್ಕೆ ಜಾರಿದ್ದ, ಮತ್ತೆ ಸಾವರಿಸಿಕೊಂಡು ಕೊಂಕಣಿಯಲ್ಲಿ ಹೇಳಿದ. 'ಕ್ಷಮೆ ಬೇಡ. ನಾನು ತೆಗೆದುಕೊಂಡಿಲ್ಲ. ಅವತ್ತು ನಾನು ಕಾರು ತಂದಾಗ ಹಕ್ಕಿ ಇರಲಿಲ್ಲ, ಇವನ ಶೆಡ್ಡಿನಲ್ಲೇ ಇತ್ತು, ಪಾಲಿಶಿಗೆ. ಅವತ್ತೂ ಇದೇ ಹೇಳಿದೆ, ಇವತ್ತೂ ಇದೇ. ಆಮೇಲೆ ಶೆಡ್ಡಿನಿಂದ ಯಾರು ಒಯ್ದರು ಅಂತ ನಾನು ಹೆಸರು ಹೇಳುವುದಿಲ್ಲ, ಮದುವೆ ಮನೆ. ಆದರೆ ನಾನು ಒಯ್ದಿಲ್ಲ.' ಲುಸಿಯಾನ್ ಮುಂದೆ ಬಂದ. ಕರೆಪ್ಪ ಅವನ ಕಡೆಗೆ ನೋಡಲೂ ಇಲ್ಲ. ದಾವಲಮಲಿಕನತ್ತ ತಿರುಗಿದ. ಆ ಐದು ಜನರ ನಡುವೆ ತಮ್ಮಿಬ್ಬರಿಗಷ್ಟೇ ತಿಳಿಯುವ ಭಾಷೆಯಲ್ಲಿ, ಸಮಾಧಾನವಾಗಿ, ಚಹಾ ಕೇಳುವಷ್ಟು ಸಹಜವಾಗಿ ಅಂದ: 'ಹೇಳೋ ಮಲಿಕ್ಯಾ. ನಾ ಗಾಡಿ ಒಯ್ಯುವಾಗ ಹಕ್ಕಿ ನಿನ್ನ ಕಡೇನ ಇತ್ತಲ್ಲಾ? ಅಷ್ಟ ಹೇಳು. ಮುಂದಿಂದು ಬ್ಯಾಡ.'

'ಏನು ಮಿಸ್ತ್ರಿ?' ಎಂದಳು ಬಾಯಿ.

ಹೌದು ಎಂಬುದು ಯಾವ ಭಾಷೆಯಲ್ಲಾದರೂ ಸಣ್ಣ ಮಾತು. ಅದರ ಹಿಂದೆ ಬರುವುದು ದೊಡ್ಡದು: ಹಾಗಾದರೆ ಹಚ್ಚಿ ಕಳಿಸಿದೆ ಎಂದದ್ದು ಯಾಕೆ, ಹಾಗಾದರೆ ಹಕ್ಕಿ ಎಲ್ಲಿ, ಹಾಗಾದರೆ ಹತ್ತು ದಿನದಲ್ಲಿ ಇದನ್ನು ಮಾಡಿಸಿ ತಂದದ್ದು ಯಾಕೆ. ದಪ್ಪ ಬೀಗಿತ್ತಿಯ ಕೈ ಇನ್ನೂ ಎದೆಯ ಮೇಲಿನ ಶಿಲುಬೆಯ ಹತ್ತಿರವೇ ಇತ್ತು. ಚೀಲ ಅವನ ಕಾಲಿನ ಪಕ್ಕದಲ್ಲಿತ್ತು, ಬಗ್ಗಿದರೆ ಸಿಗುವಷ್ಟು ಹತ್ತಿರ. ದಾವಲಮಲಿಕನಿಗೆ ಆ ಹೊತ್ತಿನಲ್ಲಿ ಕಂಡದ್ದು ಬಾನೆಟ್ಟಿನ ತಗಡು. ನಟ್ಟಿನ ಸುತ್ತ ಬಣ್ಣ ಬಿರಿದು, ಹಕ್ಕಿಯ ಬುಡದಲ್ಲಿ ಜೇಡದ ಬಲೆಯ ಹಾಗೆ ಗೆರೆಗಳು ಹಬ್ಬಿದ್ದವು. ಇನ್ನೊಂದು ವರ್ಷ ಬಿಟ್ಟರೆ ಹರಿದೇಬಿಡುತ್ತದೆ, ಪಟ್ಟಿ ಹಾಕಲೇಬೇಕು ಎಂದುಕೊಂಡ. 'ಏಳು ವರ್ಷ ಆಯಿತು ಬಾಯಿ,' ಎಂದ ಕೊಂಕಣಿಯಲ್ಲಿ. 'ನೆನಪಿಲ್ಲ.'

ಕರೆಪ್ಪ ಅವನ ಮುಖವನ್ನೇ ನೋಡುತ್ತ ನಿಂತ. ಸಿಟ್ಟಿನ ನೋಟವಾಗಿರಲಿಲ್ಲ ಅದು. ಓಡುತ್ತಿದ್ದ ಗಾಡಿಯಲ್ಲಿ ಹೊಸದೊಂದು ಸದ್ದು ಕೇಳಿದಾಗ ಡ್ರೈವರನಾದವನು ತಲೆಯನ್ನು ಸ್ವಲ್ಪ ವಾರೆ ಮಾಡುತ್ತಾನಲ್ಲ, ಹಾಗೆ. ಲುಸಿಯಾನ್ ಚೀಟಿಯನ್ನು ಮಡಚಿ ಅವನ ಕಿಸೆಯಲ್ಲಿ ತುರುಕಿದ. ತುರುಕುವಾಗ ಪಿನ್ನು ಬಿಚ್ಚಿ ಕೆಳಗೆ ಬಿತ್ತು, ಯಾರೂ ಎತ್ತಲಿಲ್ಲ. ಬೀಗಿತ್ತಿಗೆ ಮನೆ ತೋರಿಸುವುದು ಇನ್ನೂ ಬಾಕಿ ಇದ್ದುದರಿಂದ ಮೂವರೂ ಒಳಗೆ ಹೋದರು.

ಪಟ್ಟಿ ಹಾಕುವ ಕೆಲಸಕ್ಕೆ ಎರಡು ಜೋಡಿ ಕೈ ಬೇಕು. ಒಬ್ಬ ಮೇಲಿನಿಂದ ಹಕ್ಕಿಯನ್ನು ನೆಟ್ಟಗೆ ಹಿಡಿಯಬೇಕು, ಇನ್ನೊಬ್ಬ ಬಾನೆಟ್ಟಿನ ಕೆಳಗೆ ಪಟ್ಟಿಗೆ ತೂತು ಕೂಡಿಸಿ ಬಿಗಿಯಬೇಕು. ದಾವಲಮಲಿಕ ಕರೆಯಲಿಲ್ಲ, ಕರೆಯಲು ಅವನಿಗೆ ಹೆಸರೇ ಸಿಗಲಿಲ್ಲ. ಆದರೂ ಅರ್ಧ ಎತ್ತಿದ ಬಾನೆಟ್ಟಿನ ಅಡಿಯಿಂದ ನೋಡಿದಾಗ ಬಿಳಿಯ ಅಂಗಿಯ ತೋಳೆರಡು ಮೇಲೆ ಬಂದು ಹಕ್ಕಿಯನ್ನು ಹಿಡಿದವು. ಒಂದು ನಟ್ಟು ಹತ್ತಿತು.

'ಭಾರ ಐತಿ,' ಎಂದಿತು ಮೇಲಿನಿಂದ ಕರೆಪ್ಪನ ದನಿ. ಅವನು ಈ ಹಕ್ಕಿಯನ್ನು ಮುಟ್ಟಿದ್ದು ಅದೇ ಮೊದಲು. 'ಹಿತ್ತಾಳಿ,' ಎಂದ ದಾವಲಮಲಿಕ. 'ಯಾರು ಮಾಡಿದ್ರು?' 'ದೇವಲಪ್ಪ.' 'ಯಾವಾಗ?' 'ಆವಾಗನ.' ಪಾನೆ ಎರಡು ಸುತ್ತು ತಿರುಗಿತು. 'ಆವಾಗನ ಅಂದ್ರ?' 'ನೀ ಬಿಟ್ಟ ಹತ್ತ ದಿನಕ್ಕ.' 'ನಾ ಬಿಟ್ಟಿಲ್ಲ,' ಎಂದ ಕರೆಪ್ಪ. 'ಸರಿಯಾಗಿ ಬಿಗಿ. ಎಡಕ್ಕ ವಾಲೇತಿ.'

ಬಸ್ಸಿಗಾಗಿ ಕಾಯುವ ಆಲದ ಕಟ್ಟೆಯ ಮೇಲೆ ಇಬ್ಬರೂ ಕೂತರು. ಕರೆಪ್ಪನ ಅಂಗಿ ಹೊಟ್ಟೆಯ ಹತ್ತಿರ ತೆರೆದುಕೊಂಡಿತ್ತು. ಎದುರಿನ ಮನೆಯ ರೇಡಿಯೋದಲ್ಲಿ ಇನ್ನೂ ಯುದ್ಧ ನಡೆದಿತ್ತು. ದಾವಲಮಲಿಕ ಚೀಲದ ತಳಕ್ಕೆ ಕೈ ಹಾಕಿ ಪೊಟ್ಟಣ ತೆಗೆದು ಕರೆಪ್ಪನ ಪಕ್ಕದಲ್ಲಿ, ಕಲ್ಲಿನ ಮೇಲೆ ಇಟ್ಟ. ಹದಿನಾಲ್ಕು ವರ್ಷದ ರೂಢಿಯಿಂದ ಕರೆಪ್ಪ, 'ಯಾವುದರದು?' ಎಂದ. 'ಹಳೇದು.' ಕರೆಪ್ಪ ಪೇಪರು ಬಿಚ್ಚಿದ. ಬೂದು ಗಡ್ಡೆಯ ಒಂದು ಮಗ್ಗುಲಲ್ಲಿ ಕರಗದೆ ಉಳಿದ ರೆಕ್ಕೆಯ ಮೂರು ಗೆರೆ, ಅವುಗಳ ಮೇಲೆ ಚೂರು ಕ್ರೋಮು. ಆ ಮೂರು ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದ, ಇನ್ನೊಮ್ಮೆ ಆಡಿಸಿದ. ಕೈಯಲ್ಲಿ ತೂಗಿ ನೋಡಿದ. ಬೈಯುತ್ತಾನೆ ಎಂದು ದಾವಲಮಲಿಕ ಕಾದ. ಬೈದರೆ ಬದುಕಿದೆ ಎಂದುಕೊಂಡ. ಹೊಡೆದರೆ ಇನ್ನೂ ಒಳ್ಳೆಯದು, ಚಹಾದಂಗಡಿಯ ಜನರೆಲ್ಲರ ಮುಂದೆ ಹೊಡೆಯಲಿ. ತಪ್ಪಾತು ಎಂಬ ಮಾತು ನಾಲಿಗೆಯ ಮೇಲೆ ಬಂದು, ಬಹಳ ತಡವಾಗಿ ಬಂದವನು ಬಾಗಿಲಲ್ಲಿ ನಿಲ್ಲುವಂತೆ ನಿಂತುಕೊಂಡಿತು.

'ಸತು,' ಎಂದ ಕರೆಪ್ಪ ಕೊನೆಗೆ. 'ಅರ ಹಚ್ಚಿ ನೋಡಲಿಲ್ಲೇನು ಮೊದಲ?'

'ಇಲ್ಲ.'

'ಹೂಂ.' ಮತ್ತೆ ಪೇಪರಿನಲ್ಲಿ ಮೊದಲಿನ ಮಡಿಕೆಗಳಿಗೇ ಸರಿಯಾಗಿ ಸುತ್ತಿ, ಇಬ್ಬರ ನಡುವೆ ಇಟ್ಟ. 'ಇಟ್ಕೋರಿ ಮಿಸ್ತ್ರಿ. ನನಗ್ಯಾಕ.'

ಇಪ್ಪತ್ತಾರು ವರ್ಷದ ಗೆಳೆತನದಲ್ಲಿ ಕರೆಪ್ಪ ಅವನಿಗೆ ರೀ ಅಂದಿರಲಿಲ್ಲ. ಬಸ್ಸು ಬಂತು. ಕರೆಪ್ಪ ಮುಂದಿನ ಬಾಗಿಲಿನಿಂದ ಹತ್ತಿ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತ, ದಾವಲಮಲಿಕ ಹಿಂದಿನ ಬಾಗಿಲಿನಿಂದ ಹತ್ತಿ ನಿಂತುಕೊಂಡ. ಕೊರ್ತಾಲಿಮಿನಲ್ಲಿ ಇಳಿದವನು ಒಬ್ಬನೇ.

ಶನಿವಾರ ಮದುವೆ ಆಯಿತು, ಚರ್ಚಿನಿಂದ ಮನೆಯವರೆಗೆ ಎಲ್ಲ ಗಾಡಿಗಳೂ ಹಾರ್ನು ಬಾರಿಸುತ್ತ ಹೋದವು. ಸೋಮವಾರ ಕರೆಪ್ಪ ಆ ಚೀಟಿ ಹಿಡಿದುಕೊಂಡು ಕಂಪನಿಗೆ ಹೋಗಲಿಲ್ಲ. ಚೀಲ ಹೊರಲು ಬಂದರಿಗೆ ಹೋದ. ಹಕ್ಕಿ ಆಮೇಲೆ ಅಲುಗಾಡಲಿಲ್ಲ.